ವಿಜಾಪುರದ ಚಿತ್ರಕಾರರೂ ತೆಳುಬಣ್ಣದ ವಿದ್ಯೆಯೂ



ರಮಜಾನ್ ಈದ್ ಹತ್ತಿರ ಬಂದಾಗ ನಮ್ಮ ಕಡೆ ಮನೆಗಳಿಗೆ ಸುಣ್ಣ ಹೊಡೆಯುವುದನ್ನು ನೀವು ನೋಡಿರಬಹುದು. ಈಗ ಡಿಸ್ಟೆಂಪರ್ ಬಂದು ಆ ಪದ್ಧತಿ ಕಡಿಮೆಯಾಗಿದೆ. ಆದರೂ ಅಥಣಿ, ರಾಯಬಾಗ ಕಡೆಯ ಹಳ್ಳಿಗಳಲ್ಲಿ ಇನ್ನೂ ಅದು ಪೂರ್ತಿ ಹೋಗಿಲ್ಲ. ಸುಣ್ಣವನ್ನು ನೆನೆಸಿ, ಅರಿವೆಯಲ್ಲಿ ಸೋಸಿ, ಒಂದಿಷ್ಟು ಡಿಂಕ ಕಲಸಿ, ಚಿಟಿಕೆ ನೀಲಿ ಹಾಕುತ್ತಾರೆ. ಕೈ ಪಳಗಿದವನು ಮೊದಲನೆಯ ಸಲ ನೀರು ನೀರಾಗಿ ಹೊಡೆಯುತ್ತಾನೆ. ಗೋಡೆಗೆ ಏನೂ ಬಳಿದಂತೆಯೇ ಕಾಣುವುದಿಲ್ಲ. ಮನೆಯವರು ಗೊಣಗುತ್ತಾರೆ. ಅದು ಒಣಗಿದ ಮೇಲೆ ಎರಡನೆಯ ಕೈ, ಮತ್ತೆ ಒಣಗಿದ ಮೇಲೆ ಮೂರನೆಯ ಕೈ. ಆಗ ಗೋಡೆ ಒಳಗಿನಿಂದಲೇ ಬೆಳ್ಳಗಾದಂತೆ ಕಾಣುತ್ತದೆ. ಅವಸರದವನು ಒಂದೇ ಸಲಕ್ಕೆ ದಪ್ಪಗೆ ಬಳಿದು ಕೂಲಿ ತೆಗೆದುಕೊಂಡು ಹೋಗುತ್ತಾನೆ. ಒಂದು ಮಳೆಗಾಲ ಕಳೆಯುವುದರೊಳಗೆ ಅವನ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ.

ಇದೇ ವಿದ್ಯೆಯನ್ನು ನಾಲ್ಕು ನೂರು ವರ್ಷಗಳ ಹಿಂದೆ ನಮ್ಮಿಂದ ಎರಡು ತಾಸಿನ ಬಸ್ ದಾರಿಯಲ್ಲಿರುವ ವಿಜಾಪುರದಲ್ಲಿ ಅಂಗೈಯಗಲದ ಕಾಗದದ ಮೇಲೆ ಪರಿಪೂರ್ಣಗೊಳಿಸಿದ ಜನರಿದ್ದರು. ಅವರ ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಅದಕ್ಕೆ ಒಂದು ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಶಾಲೆಯಲ್ಲಿ ಮಕ್ಕಳ ಚಿತ್ರಪ್ರದರ್ಶನ ನಡೆಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೈಯ ಮೇಲೆ ಗೊರವಂಕ ಹಕ್ಕಿಯನ್ನು ಕೂರಿಸಿಕೊಂಡ ಹೆಂಗಸಿನ ಚಿತ್ರ ಬರೆದಿದ್ದಳು. ಪುಸ್ತಕವೊಂದರಲ್ಲಿ ಅಚ್ಚಾಗಿದ್ದ ವಿಜಾಪುರದ ಹಳೆಯ ಚಿತ್ರವನ್ನು ನೋಡಿ ಬರೆದದ್ದು ಅದು. ಬಂದ ಹಿರಿಯರೊಬ್ಬರು, "ಇದು ನಮ್ಮವರ ಕೆಲಸವಲ್ಲ, ನಮ್ಮವರಲ್ಲಿ ಇದೆಲ್ಲ ಇರಲಿಲ್ಲ" ಎಂದು ಅದನ್ನು ತೆಗೆಸಿದರು. ನಾನೂ ಅಲ್ಲೇ ನಿಂತಿದ್ದೆ. "ಇತ್ತು, ಸಾಹೇಬರೇ" ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಹೇಳಲಿಲ್ಲ. ಆ ಹುಡುಗಿ ಚಿತ್ರವನ್ನು ಸುರುಳಿ ಸುತ್ತಿಕೊಂಡು ಹೋದಳು.

ಜೀವಿಗಳ ಚಿತ್ರ ಬರೆಯುವುದು ಸರಿಯೇ ತಪ್ಪೇ ಎಂಬ ಮಸ್‌ಅಲೆಯನ್ನು ನಾನು ಉಲಮಾಗಳಿಗೆ ಬಿಡುತ್ತೇನೆ. ಅದು ನನ್ನ ವಿಷಯವಲ್ಲ, ಅದರಲ್ಲಿ ನನಗೆ ಅಧಿಕಾರವೂ ಇಲ್ಲ. ಆದರೆ "ನಮ್ಮವರಲ್ಲಿ ಇರಲಿಲ್ಲ" ಎಂಬುದು ಇತಿಹಾಸದ ಮಾತು. ಆ ಮಾತು ತಪ್ಪು.

ಆದಿಲಶಾಹಿ ಮನೆತನ 1490ರಿಂದ 1686ರವರೆಗೆ ವಿಜಾಪುರದಿಂದ ಆಳಿತು. ಇಂದಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಪ್ರದೇಶವೆಲ್ಲ ಆ ರಾಜ್ಯದ ಒಳಗಿತ್ತು. ಗೋವೆಯ ಕರಾವಳಿಯಿಂದ ಘಟ್ಟ ಹತ್ತಿ ರಾಜಧಾನಿಗೆ ಹೋಗುವ ಸರಕಿನ ದಾರಿ ನಮ್ಮ ನೆಲದ ಮೇಲೆಯೇ ಹಾಯ್ದಿತ್ತು. 1639ರ ಹೊತ್ತಿಗೆ ಸಂಬಂಧಿಸಿದ ತನ್ನ ಪ್ರವಾಸ ಕಥನದಲ್ಲಿ ಜರ್ಮನ್ ಪ್ರವಾಸಿಗ ಮ್ಯಾಂಡೆಲ್ಸ್ಲೋ ಈ ದಾರಿಯನ್ನು ವರ್ಣಿಸುತ್ತ ಅಥಣಿಯ ಪೇಟೆಯ ಹೆಸರು ಹೇಳುತ್ತಾನೆ. ನಿಪ್ಪಾಣಿಯವರಿಗೆ ಇನ್ನೊಂದು ಸ್ವಾರಸ್ಯ. ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಇಲ್ಲಿ ಮೊದಲ ಬಾರಿ ತಂಬಾಕು ಕಂಡು ಬೆರಗಾಗಿ, 1604ರ ಸುಮಾರಿಗೆ ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಮೊಘಲ್ ದರ್ಬಾರಿಗೆ ತಂಬಾಕು ಹೋದದ್ದು ವಿಜಾಪುರದಿಂದ. ಇರಲಿ, ಚಿತ್ರದ ವಿಷಯಕ್ಕೆ ಬರೋಣ.

ವಿಜಾಪುರದ ಚಿತ್ರಕಲೆಯ ಮೊದಲ ದೊಡ್ಡ ಸಾಕ್ಷಿ 'ನುಜೂಮುಲ್ ಉಲೂಮ್' ಎಂಬ ಗ್ರಂಥ. ಹಿಜರಿ 978, ಅಂದರೆ ಕ್ರಿ.ಶ. 1570ರಲ್ಲಿ, ಒಂದನೆಯ ಅಲಿ ಆದಿಲಶಹನ ಕಾಲದಲ್ಲಿ ಸಿದ್ಧವಾದದ್ದು. ಗ್ರಹ ನಕ್ಷತ್ರ, ಆಯುಧ, ಆನೆ, ಕುದುರೆ ಮುಂತಾದ ವಿಷಯಗಳ ಮೇಲೆ ನೂರಾರು ಚಿತ್ರಗಳಿವೆ. ಅವನ ನಂತರ ಬಂದ ಎರಡನೆಯ ಇಬ್ರಾಹಿಂ ಆದಿಲಶಹನನ್ನು (1580-1627) 'ಜಗದ್ಗುರು' ಎಂದು ಕರೆದ ಜನ ನಮ್ಮವರೇ. ಅವನು ಸಂಗೀತಗಾರ. ದಖನಿ ಭಾಷೆಯಲ್ಲಿ 'ಕಿತಾಬೆ ನವರಸ್' ಎಂಬ ಹಾಡುಗಳ ಗ್ರಂಥ ರಚಿಸಿದ. 'ಮೋತಿ ಖಾನ್' ಎಂದು ತನ್ನ ತಂಬೂರಿಗೆ ಹೆಸರಿಟ್ಟಿದ್ದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವನ ಭಾವಚಿತ್ರದಲ್ಲಿ ಅವನ ಕೈಯಲ್ಲಿರುವುದು ಕತ್ತಿಯಲ್ಲ, ತಾಳ ಹಾಕುವ ಕರತಾಳ.

ಅವನ ಆಸ್ಥಾನದ ಕವಿ ಜುಹೂರಿ, ಫರ್ರುಖ್ ಹುಸೇನ್ ಎಂಬ ಚಿತ್ರಕಾರನನ್ನು ಹೊಗಳಿ ಬರೆದಿದ್ದಾನೆ. ಅಕ್ಬರನ ಚಿತ್ರಶಾಲೆಯಲ್ಲಿದ್ದ ಫರ್ರುಖ್ ಬೇಗನೇ ಇವನು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಉಳಿದ ಹಲವು ಚಿತ್ರಕಾರರ ಹೆಸರು ಸಹ ಉಳಿದಿಲ್ಲ. ಅವರ ಚಿತ್ರ ಇಂದು ಯಾವ ಊರಿನ ಸಂಗ್ರಹಾಲಯದಲ್ಲಿದೆಯೋ ಆ ಊರಿನ ಹೆಸರನ್ನೇ ಪಾಶ್ಚಾತ್ಯ ವಿದ್ವಾಂಸರು ಅವರಿಗೆ ಇಟ್ಟಿದ್ದಾರೆ. ಆ ಹುಡುಗಿ ನಕಲು ಮಾಡಿದ 'ಗೊರವಂಕದೊಡನೆ ಯೋಗಿನಿ' ಎಂಬ ಚಿತ್ರ (ಸುಮಾರು 1603-04) ಐರ್ಲೆಂಡ್ ದೇಶದ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆದ್ದರಿಂದ ಅದನ್ನು ಬರೆದವನು 'ಡಬ್ಲಿನ್ ಚಿತ್ರಕಾರ'! ಅವನು ಡಬ್ಲಿನ್ ಎಂಬ ಊರಿದೆಯೆಂದು ಕೇಳಿಯೂ ಇರಲಿಕ್ಕಿಲ್ಲ. ವಿಜಾಪುರದ ಯಾವುದೋ ಓಣಿಯಲ್ಲಿ ಅವನ ಮನೆ ಇದ್ದೀತು. ನುಜೂಮುಲ್ ಉಲೂಮ್ ಕೂಡ ಅದೇ ಗ್ರಂಥಾಲಯದಲ್ಲಿದೆ. ಆಸಾರ್ ಮಹಲಿನ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು 19ನೆಯ ಶತಮಾನದ ನಡುವಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಲಂಡನ್ನಿಗೆ ಹೋದವು.

ಈಗ ಅವರ ಕೆಲಸದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಚಿತ್ರ ಬರೆಯುವವರಿದ್ದರೆ ಗಮನವಿಟ್ಟು ಓದಿರಿ.

ಇಂಥ ಚಿಕಣಿ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ಮಿನಿಯೇಚರ್ ಎನ್ನುತ್ತಾರೆ. ಚಿಕ್ಕದು ಎಂಬ ಅರ್ಥದಿಂದ ಬಂದ ಶಬ್ದ ಇದು ಎಂದು ಎಲ್ಲರೂ ತಿಳಿಯುತ್ತಾರೆ. ಮೂಲದಲ್ಲಿ ಅದು ಲ್ಯಾಟಿನ್ನಿನ 'ಮಿನಿಯಮ್', ಅಂದರೆ ಸಿಂಧೂರ. ಯುರೋಪಿನ ಹಸ್ತಪ್ರತಿಗಳಲ್ಲಿ ಸಿಂಧೂರದಿಂದ ಅಕ್ಷರ ಬರೆಯುತ್ತಿದ್ದ ಕಾರಣ ಆ ಹೆಸರು. ಅಂದರೆ ಹೆಸರು ಬಂದದ್ದು ಅಳತೆಯಿಂದಲ್ಲ, ಬಣ್ಣದಿಂದ.

ಮೊದಲು ಕಾಗದ. ಹಲವು ಹಾಳೆಗಳನ್ನು ಗಂಜಿಯಿಂದ ಒಂದರ ಮೇಲೊಂದು ಅಂಟಿಸಿ ಮಾಡಿದ ದಪ್ಪ ಕಾಗದಕ್ಕೆ 'ವಸ್ಲಿ' ಎನ್ನುತ್ತಾರೆ. 'ವಸ್ಲ್' ಎಂದರೆ ಕೂಡುವುದು. ಹುಳು ಹತ್ತಬಾರದೆಂದು ಗಂಜಿಯಲ್ಲಿ ಮೈಲುತುತ್ತ ಹಾಕುತ್ತಿದ್ದರು. ಒಣಗಿದ ಮೇಲೆ ಅಕೀಕ್ ಕಲ್ಲಿನಿಂದ ಇಲ್ಲವೆ ನುಣುಪಾದ ಕವಡೆಯಿಂದ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡುತ್ತಿದ್ದರು. ರೇಖಾಚಿತ್ರವನ್ನು ಒಂದರಿಂದ ಇನ್ನೊಂದಕ್ಕೆ ಇಳಿಸಲು ತೆಳುವಾದ ಜಿಂಕೆಯ ಚರ್ಮದ ಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ಇದ್ದಿಲ ಪುಡಿ ಒರೆಸುವ ಕ್ರಮವಿತ್ತು. ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿಗೂ ನೀವು ಅರಿವೆಯ ಮೇಲೆ ಖಾಕೆ ಒತ್ತುವುದು ಹೀಗೆಯೇ.

ಗೆರೆ ಮೂಡಿದ ಮೇಲೆ ಅದರ ಮೇಲೆಲ್ಲ ಸಫೇದಾ ಬಣ್ಣವನ್ನು ಬಹಳ ತೆಳುವಾಗಿ ಎಳೆಯುತ್ತಿದ್ದರು. ಕೆಳಗಿನ ಗೆರೆ ಅದರೊಳಗಿಂದ ಮಸುಕಾಗಿ ಕಾಣಬೇಕು. ಕಾಣದಿದ್ದರೆ ಬಣ್ಣ ದಪ್ಪವಾಯಿತು ಎಂದರ್ಥ. ಇಡೀ ವಿದ್ಯೆಯ ಗುಟ್ಟು ಈ ಬಿಳಿ ಹಾಸಿನಲ್ಲಿದೆ. ಮೇಲಿನ ಬಣ್ಣ ತೆಳುವಾಗಿದ್ದರೆ ಬೆಳಕು ಅದರೊಳಗೆ ಹಾಯ್ದು, ತಳದ ಬಿಳುಪಿಗೆ ತಾಗಿ, ಮತ್ತೆ ಬಣ್ಣದ ಮೂಲಕವೇ ಹೊರಗೆ ಬರುತ್ತದೆ. ಹೀಗೆ ಎರಡು ಸಲ ಬಣ್ಣ ಸೋಸಿದ ಬೆಳಕು ನಮ್ಮ ಕಣ್ಣಿಗೆ ಬೀಳುವುದರಿಂದ ಚಿತ್ರ ಒಳಗಿನಿಂದ ಬೆಳಗಿದಂತೆ ತೋರುತ್ತದೆ. ಬಣ್ಣ ದಪ್ಪವಾದರೆ ಬೆಳಕು ಮೇಲ್ಮೈಯಿಂದಲೇ ಹಿಂದಿರುಗುತ್ತದೆ, ಚಿತ್ರ ಮಂಕಾಗುತ್ತದೆ.

ಬಣ್ಣಗಳೋ! ಹಳದಿಗೆ ಹರಿತಾಳ, ಕೆಂಪಿಗೆ ಇಂಗಳಿಕ, ಹಸಿರಿಗೆ ತಾಮ್ರದ ಕಿಲುಬಾದ ಜಂಗಾರ್, ಕಪ್ಪಿಗೆ ದೀಪದ ಕಾಡಿಗೆ, ನೀಲಿಗೆ ನೀಲಿಗಿಡದ ಬಣ್ಣ. ದುಬಾರಿ ನೀಲಿ ಬೇಕೆಂದರೆ ಅಫಘಾನಿಸ್ತಾನದ ಬದಖ್‌ಶಾನಿನಿಂದ ಬರುವ ಲಾಜವರ್ದ್ ಕಲ್ಲು. ನಮ್ಮ ಹಳ್ಳಿಯ ಗೋಡೆಗಳ ಬುಡಕ್ಕೆ ಬಳಿಯುವ ಹುರಮಂಜಿ ಇದೆಯಲ್ಲ, ಆ ಹೆಸರು ಬಂದದ್ದು ಪರ್ಷಿಯಾದ ಕೊಲ್ಲಿಯ ಹೊರ್ಮುಜ್ ದ್ವೀಪದಿಂದ. ಅಲ್ಲಿಯ ಕೆಮ್ಮಣ್ಣು ಹಡಗಿನಲ್ಲಿ ಬರುತ್ತಿತ್ತು. ದಿನಾಲು ಕಾಣುವ ಗೋಡೆಯ ಮೇಲೆ ಇಷ್ಟು ದೂರದ ಊರಿನ ಹೆಸರಿದೆ ಎಂದು ನಮಗೆ ಗೊತ್ತೇ ಇರುವುದಿಲ್ಲ.

ಇವನ್ನೆಲ್ಲ ಕಲ್ಲಿನಲ್ಲಿ ನುಣ್ಣಗೆ ಅರೆದು ಕಾಗದಕ್ಕೆ ಹಿಡಿಯುವಂತೆ ಮಾಡುವುದು ಅಂಟು. ಅರಬ್ಬೀ ಗೋಂದು ಎಂದು ಪ್ರಸಿದ್ಧವಾದದ್ದು ಜಾಲಿಯ ಜಾತಿಯ ಮರದ ಅಂಟು. ನಮ್ಮ ಕರಿಮಣ್ಣಿನ ಹೊಲಗಳ ಬದುವಿನಲ್ಲಿ ನಿಂತ ಕರಿಜಾಲಿಯೂ ಅದೇ ಬಳಗದ್ದು. ಬಾಣಂತಿಗೆ ಅಂಟಿನುಂಡಿ ಕಟ್ಟುವಾಗ ತುಪ್ಪದಲ್ಲಿ ಹುರಿಯುವ ಡಿಂಕವೂ ಇಂಥ ಮರಗಳದೇ. ಅಂಟು ಕಡಿಮೆಯಾದರೆ ಬಣ್ಣ ಪುಡಿಯಾಗಿ ಉದುರುತ್ತದೆ, ಹೆಚ್ಚಾದರೆ ಬಿರುಕು ಬಿಡುತ್ತದೆ. ಎಷ್ಟು ಹಾಕಬೇಕೆಂಬುದನ್ನು ಉಸ್ತಾದನ ಪಕ್ಕದಲ್ಲಿ ಕುಳಿತೇ ಶಾಗಿರ್ದ ಕಲಿಯಬೇಕಾಗಿತ್ತು.

ಗೋಂದಿನ ಬಣ್ಣಕ್ಕೆ ಒಂದು ದೊಡ್ಡ ತೊಡಕಿದೆ. ಒಣಗಿದ ಮೇಲೂ ಅದು ನೀರಿಗೆ ಕರಗುತ್ತದೆ. ನಾನೇ ಒಮ್ಮೆ ಉತ್ಸಾಹದಿಂದ ಡಿಂಕ ನೆನೆಸಿ ಬಣ್ಣ ಮಾಡಿ, ಹಳದಿಯ ಮೇಲೆ ನೀಲಿ ಎಳೆಯಲು ಹೋದೆ. ಹಸಿರು ಬರಬೇಕಿತ್ತು. ಕೆಳಗಿನ ಹಳದಿ ಎದ್ದು ಬಂದು ಎರಡೂ ಸೇರಿ ಕೆಸರಾಯಿತು. ನಾನು ಕುಂಚವನ್ನು ತೋಯಿಸಿಕೊಂಡು ಹಿಂದೆ ಮುಂದೆ ತಿಕ್ಕಿದ್ದೇ ತಪ್ಪು. ಹಳೆಯ ಉಸ್ತಾದರು ಹೀಗೆ ಮಾಡುತ್ತಿರಲಿಲ್ಲ. ಒಂದು ಪದರು ಪೂರ್ತಿ ಒಣಗಿದ ಮೇಲೆ ಚಿತ್ರವನ್ನು ಬೋರಲಾಗಿ ನುಣುಪು ಕಲ್ಲಿನ ಮೇಲಿಟ್ಟು, ಬೆನ್ನಿನ ಕಡೆಯಿಂದ ಅಕೀಕ್ ಕಲ್ಲು ತಿಕ್ಕುತ್ತಿದ್ದರು. ಆಗ ಬಣ್ಣ ಕಾಗದಕ್ಕೆ ಒತ್ತಿ ಕೂಡುತ್ತದೆ. ಅನಂತರ ಅಳಿಲಿನ ಬಾಲದ ಕೂದಲಿನ ಕುಂಚವನ್ನು ಬಣ್ಣದಲ್ಲಿ ಅದ್ದಿ, ಹೆಚ್ಚಿನ ನೀರನ್ನು ಹಿಂಡಿ, ಕೂದಲೆಳೆಯಂಥ ಗೀರುಗಳನ್ನೂ ಚುಕ್ಕೆಗಳನ್ನೂ ಒತ್ತೊತ್ತಾಗಿ ಇಡುತ್ತ ನೆರಳು ತರುತ್ತಿದ್ದರು. ಇದಕ್ಕೆ 'ಪರ್ದಾಜ್' ಎಂದು ಹೆಸರು. ಒಂದು ಕೆನ್ನೆಯ ದುಂಡಿಗೆ ನೂರಾರು ಗೀರು.

ತೆಳುಬಣ್ಣದ ಪರಾಕಾಷ್ಠೆ ಕಾಣುವುದು ಮಲ್ಮಲ್ ಬಟ್ಟೆಯ ಚಿತ್ರಣದಲ್ಲಿ. ಸುಲ್ತಾನರೂ ಬೇಗಮರೂ ಉಟ್ಟ ಮಲ್ಮಲ್ಲಿನೊಳಗಿಂದ ಒಳ ಉಡುಪಿನ ಬಣ್ಣ, ತೋಳಿನ ಮೈಬಣ್ಣ ಕಾಣುತ್ತದೆ. ಮಾಡುವ ಕ್ರಮ ಹೀಗೆ. ಮೊದಲು ತೋಳು, ಒಳ ಉಡುಪು ಎಲ್ಲವನ್ನೂ ಮೇಲೆ ಬಟ್ಟೆಯೇ ಇಲ್ಲವೆಂಬಂತೆ ಪೂರ್ತಿ ಮುಗಿಸಬೇಕು. ಅದರ ಮೇಲೆ ನೀರಿಗಿಂತ ಒಂದಿಷ್ಟೇ ಬೆಳ್ಳಗಿನ ಸಫೇದಾ ಒಂದೇ ಎಳೆತಕ್ಕೆ ಎಳೆಯಬೇಕು. ಎರಡನೆಯ ಸಲ ಕುಂಚ ಮುಟ್ಟಿದರೆ ಕೆಳಗಿನದು ಏಳುತ್ತದೆ. ಕೊನೆಗೆ ಅಂಚಿನಲ್ಲಿ, ನೆರಿಗೆಯಲ್ಲಿ ಮಾತ್ರ ಗಟ್ಟಿ ಬಿಳಿಯ ಗೆರೆ. ಪುಸ್ತಕದಲ್ಲಿ ಇಂಥ ಚಿತ್ರ ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿರಿ.

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಯನ್ನೂ ಹೇಳಬೇಕು. ಹರಿತಾಳದಲ್ಲಿ ಶಂಖಪಾಷಾಣದ ಅಂಶ, ಇಂಗಳಿಕದಲ್ಲಿ ಪಾದರಸ, ಸೀಸದ ಸಫೇದಾದಲ್ಲಿ ಸೀಸ. ಕುಂಚದ ತುದಿಯನ್ನು ನಾಲಿಗೆಯಿಂದ ಚೂಪು ಮಾಡುವ ಚಟ ಇದ್ದರೆ ಇಂದೇ ಬಿಡಿರಿ. ಜಂಗಾರ್ ಹಸಿರು ಕಾಲಾನಂತರದಲ್ಲಿ ಕಾಗದವನ್ನೇ ಕಂದಾಗಿಸಿ ತಿಂದುಹಾಕುತ್ತದೆ. ಹಳೆಯದೆಲ್ಲ ಒಳ್ಳೆಯದು ಎನ್ನುವವರ ಪೈಕಿ ನಾನಲ್ಲ.

ಆದ್ದರಿಂದ ಚಿಕ್ಕೋಡಿಯ ಪೇಟೆಯಲ್ಲಿ ಸಿಗುವ ಅಕ್ರಿಲಿಕ್ ಬಣ್ಣದ ಟ್ಯೂಬಿನಿಂದಲೂ ಈ ವಿದ್ಯೆಯನ್ನು ಅಭ್ಯಾಸ ಮಾಡಬಹುದು ಎಂಬುದು ನನ್ನ ಅಭಿಪ್ರಾಯ. ಅಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳಲ್ಲಿ ಬೆರೆಸಿದ ಬಣ್ಣ. ನೀರಿನಿಂದ ಬಳಸುವ ಇಂಥ ಬಣ್ಣ ಅಮೆರಿಕೆಯಲ್ಲಿ ಕಲಾವಿದರಿಗೆಂದು ಮಾರಾಟಕ್ಕೆ ಬಂದದ್ದು 1950ರ ದಶಕದಲ್ಲಿ. ನೀರು ಆರಿದಾಗ ಕಣಗಳು ಒಂದಕ್ಕೊಂದು ಕೂಡಿ ಪೊರೆಯಾಗುತ್ತವೆ. ಆ ಪೊರೆ ಮತ್ತೆ ನೀರಿಗೆ ಕರಗುವುದಿಲ್ಲ. ಅಂದರೆ ನನ್ನ ಹಳದಿ ನೀಲಿಯ ಕೆಸರು ಇಲ್ಲಿ ಆಗುವುದಿಲ್ಲ. ಹಳೆಯ ಉಸ್ತಾದನಿಗೆ ಇದು ಸಿಕ್ಕಿದ್ದರೆ ಅರ್ಧ ಆಯುಷ್ಯದ ಕಷ್ಟ ಉಳಿಯುತ್ತಿತ್ತು. ಆದರೆ ತಪ್ಪಾದ ಗೆರೆಯನ್ನು ಒದ್ದೆ ಕುಂಚದಿಂದ ಎತ್ತಿ ತೆಗೆಯುವ ಅನುಕೂಲವೂ ಇಲ್ಲ. ಕಲ್ಲಿನಿಂದ ತಿಕ್ಕಿ ಹೊಳಪು ತರಲೂ ಆಗದು.

ಬಣ್ಣವನ್ನು ಚೀನಿ ತಟ್ಟೆಯ ಮೇಲೆ ತೆಗೆದುಕೊಂಡು ಹನಿ ಹನಿಯಾಗಿ ನೀರು ಸೇರಿಸಿ ನೀರು ಮಜ್ಜಿಗೆಯ ಹದಕ್ಕೆ ತನ್ನಿರಿ. ಇದು ವಾಶ್, ಅಂದರೆ ತೆಳುಲೇಪ. ಇನ್ನೂ ತೆಳುಮಾಡಬೇಕೆಂದು ನೀರನ್ನೇ ಸುರಿಯುತ್ತ ಹೋದರೆ ಪ್ಲಾಸ್ಟಿಕ್ ಕಣಗಳು ಚದುರಿ, ಪೊರೆ ಕೂಡದೆ, ಒಣಗಿದ ಮೇಲೆ ಬಣ್ಣ ಬೆರಳಿಗೆ ಹತ್ತುತ್ತದೆ. ಡಿಂಕ ಹಾಕದ ಸುಣ್ಣ ಅಂಗಿಗೆ ಹತ್ತಿದ ಹಾಗೆ. ಅದಕ್ಕಾಗಿ ಗ್ಲೇಜ್ ಮಾಡುವಾಗ, ಅಂದರೆ ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಲೇಪ ಕೊಡುವಾಗ, ನೀರಿನ ಬದಲು ಅಕ್ರಿಲಿಕ್ ಮೀಡಿಯಂ ಎಂಬ ಬಣ್ಣವಿಲ್ಲದ ದ್ರವವನ್ನು ಬೆರೆಸಬೇಕು. ಅದು ಆ ಬಣ್ಣದ ಅಂಟೇ. ಬಣ್ಣ ಕಡಿಮೆ, ಮೀಡಿಯಂ ಹೆಚ್ಚು. ಹದ ನೋಡಲು ಹಳೆಯ ಪತ್ರಿಕೆಯ ತುಂಡಿನ ಮೇಲೆ ಎಳೆದು ನೋಡಿರಿ. ಅಕ್ಷರ ಸಲೀಸಾಗಿ ಓದಲು ಬಂದರೆ ಗ್ಲೇಜ್ ಸರಿಯಾಗಿದೆ. ಕುಂಚದಲ್ಲಿ ಬಣ್ಣ ತುಂಬಿ ತುಳುಕಬಾರದು, ಅರಿವೆಗೆ ಒಮ್ಮೆ ಒತ್ತಿ ತೆಗೆಯಿರಿ. ಇಲ್ಲದಿದ್ದರೆ ಒಣಗುವಾಗ ಅಂಚಿನಲ್ಲಿ ಕಲೆಯ ಉಂಗುರ ನಿಲ್ಲುತ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಈ ಬಣ್ಣ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಣಗಿ ಕುಂಚ ಕಲ್ಲಾಗುತ್ತದೆ. ಆದ್ದರಿಂದ ಬೆಳಗಿನ ಹೊತ್ತು ಬರೆಯುವುದು ಮೇಲು. ಜೀವಿಗಳ ಚಿತ್ರ ಬೇಡವೆನ್ನುವವರು ಹೂಬಳ್ಳಿಯನ್ನು, ಗ್ರಂಥದ ಅಂಚಿನ ಅಲಂಕಾರವನ್ನು ಬರೆಯಿರಿ. ಹದ ಒಂದೇ.

ವಿಜಾಪುರದ ಜಾಮಿಯಾ ಮಸೀದಿಯ ಮಿಹ್ರಾಬನ್ನು ನೋಡಿದವರಿಗೆ ಇದು ಗೊತ್ತು. 1636ರಲ್ಲಿ ಮುಹಮ್ಮದ್ ಆದಿಲಶಹನ ಕಾಲದಲ್ಲಿ ಅದನ್ನು ಬಣ್ಣ ಮತ್ತು ಬಂಗಾರದಿಂದ ಅಲಂಕರಿಸಲಾಯಿತು. ಅಲ್ಲಿ ಒಂದೂ ಪ್ರಾಣಿ ಪಕ್ಷಿ ಇಲ್ಲ. ಹೂದಾನಿಗಳಿವೆ, ಗೂಡುಗಳಿವೆ, ಗೂಡಿನಲ್ಲಿ ಜೋಡಿಸಿಟ್ಟ ಪುಸ್ತಕಗಳೂ ಇವೆ. ಎಲ್ಲವೂ ಗೋಡೆಯ ಮೇಲಿನ ಬಣ್ಣ, ಕೈಚಾಚಿ ಪುಸ್ತಕ ತೆಗೆಯೋಣ ಎನಿಸುತ್ತದೆ. ಡಬ್ಲಿನ್ನಿಗೆ ಹೋಗಲಾರದ ನಾವು ಅಥಣಿಯಿಂದ ಬೆಳಗಿನ ಬಸ್ ಹತ್ತಿ ಇದನ್ನು ನೋಡಿ ಸಂಜೆಗೆ ಮನೆ ಸೇರಬಹುದು. ಸಂಘದ ವಾರ್ಷಿಕ ಪ್ರವಾಸದಲ್ಲಿ ಗೋಲ ಗುಮ್ಮಟದ ಪ್ರತಿಧ್ವನಿ ಕೇಳಿ ಕೂಗಾಡಿ ಹಿಂದಿರುಗುವ ಮಕ್ಕಳಿಗೆ ಇಲ್ಲಿ ಅರ್ಧ ತಾಸು ನಿಲ್ಲಲು ಹೇಳಬೇಕೆಂದು ಶಿಕ್ಷಕರಲ್ಲಿ ನನ್ನ ವಿನಂತಿ.

ಆ ಚಿತ್ರಶಾಲೆಯ ಕೊನೆಯ ದಿನಗಳ ಮಾತು ಉಳಿದಿದೆ. 1672ರಲ್ಲಿ ಸಿಕಂದರ್ ಆದಿಲಶಹ ಪಟ್ಟಕ್ಕೆ ಬಂದಾಗ ಅವನಿನ್ನೂ ಎಳೆಯ ಬಾಲಕ. ಸರದಾರರು ತಮ್ಮ ತಮ್ಮಲ್ಲಿ ಕಚ್ಚಾಡುತ್ತಿದ್ದರು. 1679ರಲ್ಲಿ ಮೊಘಲ್ ಸೇನಾಪತಿ ದಿಲೇರ್ ಖಾನ್ ನಮ್ಮ ಅಥಣಿಯನ್ನು ಸೂರೆ ಮಾಡಿದ. ಪೇಟೆ ಹಾಳಾಯಿತು, ಜನ ದಿಕ್ಕೆಟ್ಟರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1680ರ ಸುಮಾರಿಗೆ, ವಿಜಾಪುರದಲ್ಲಿ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬಿಬ್ಬರು ಕುಳಿತು ಒಂದು ಚಿತ್ರ ಬರೆಯುತ್ತಿದ್ದರು. ಇಂದು ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಆದಿಲಶಾಹಿಯ ಒಂಬತ್ತೂ ಸುಲ್ತಾನರು, ಬೇರೆ ಬೇರೆ ಕಾಲದವರು, ಒಂದೇ ಹಾಸಿನ ಮೇಲೆ ಒಟ್ಟಿಗೆ ಕುಳಿತಿದ್ದಾರೆ. ಮೂಲಪುರುಷ ಯೂಸುಫನಿಗೆ ಇರಾನಿನ ಶಾಹ ಇಸ್ಮಾಯಿಲ್ ಕೀಲಿಕೈ ಕೊಡುತ್ತಿದ್ದಾನೆ. ಹಿಂದೆ ದೂರದಲ್ಲಿ ಸಮುದ್ರದ ನೀಲಿ. ಊರ ಸುತ್ತ ಬೆಂಕಿ ಬಿದ್ದ ಕಾಲದಲ್ಲಿ ಆ ಇಬ್ಬರೂ ಅವಸರ ಮಾಡಿಲ್ಲ. ಪದರಿನ ಮೇಲೆ ಪದರು ಒಣಗಲು ಬಿಟ್ಟಿದ್ದಾರೆ, ಬಂಗಾರವನ್ನು ತಿಕ್ಕಿದ್ದಾರೆ. ಸಾಲಿನ ಕೊನೆಯಲ್ಲಿ ಕುಳಿತ ಹುಡುಗನೇ ಸಿಕಂದರ್. ಚಿತ್ರ ಬರೆದ ಆರು ವರ್ಷಕ್ಕೆ, 1686ರ ಸಪ್ಟೆಂಬರಿನಲ್ಲಿ, ಅವನು ಕೋಟೆಯಿಂದ ಹೊರಬಂದು ಔರಂಗಜೇಬನಿಗೆ ಶರಣಾದ. ಆಗ ಅವನಿಗೆ ಹದಿನೆಂಟರ ಆಸುಪಾಸು.

ಆ ಹುಡುಗಿಗೂ ಈಗ ಅಷ್ಟೇ ವಯಸ್ಸಾಗಿರಬೇಕು. ಈ ಸಂಚಿಕೆ ಅವಳ ಕೈಗೆ ಬಂದರೆ, ಅಂದು ನಾನು ಹೇಳದೆ ಉಳಿದ ಮಾತು ಇದರಲ್ಲಿದೆ.